ಕಾಯುವ ಕತ್ತರಿ ದಾರಿ ತಪ್ಪಿದಾಗ
(ಎಜ್‌ವೇರ್‌ನಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನ, ಮನೆ ಬೆಂಗಳೂರಿನಲ್ಲಿರಲಿ ಎಜ್‌ವೇರ್‌ನಲ್ಲಿರಲಿ, ಮೊದಲು ಏಳುವ ಪ್ರಶ್ನೆ ಒಂದೇ: ತಪ್ಪು ಯಾರದು? ತಾಯಿ ಬಸುರಿನಲ್ಲಿ ತಿಂದದ್ದೆ, ಗ್ರಹಣದ ದಿನ ಹೊರಗೆ ಬಂದದ್ದೆ, ಹಿಂದಿನ ಜನ್ಮದ ಕರ್ಮವೆ? ಬೆರಳು ಬಹುಮಟ್ಟಿಗೆ ಹೆಣ್ಣಿನ ಕಡೆಗೇ ತಿರುಗುತ್ತದೆ. ವಿಜ್ಞಾನ ಕಂಡುಕೊಂಡಿರುವ ಉತ್ತರ ಬೇರೆಯೇ ಇದೆ.

ಮನುಷ್ಯದೇಹ ಎದುರಿಸಬೇಕಾದ ರೋಗಾಣುಗಳು ಅಸಂಖ್ಯ. ಅದರ ಬಳಿ ಇರುವ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000 ಮಾತ್ರ. ಇಷ್ಟು ಸಣ್ಣ ಬಂಡವಾಳದಲ್ಲಿ ಕೋಟಿಗಟ್ಟಲೆ ಬಗೆಯ ಪ್ರತಿಕಾಯಗಳನ್ನು ತಯಾರಿಸಲು, ಬೆಳೆಯುತ್ತಿರುವ ರೋಗನಿರೋಧಕ ಕೋಶಗಳು ತಮ್ಮ ಡಿಎನ್‌ಎಯನ್ನೇ ಕತ್ತರಿಸಿ, ತುಂಡುಗಳನ್ನು ಹೊಸ ಕ್ರಮದಲ್ಲಿ ಜೋಡಿಸುತ್ತವೆ. ಈ ಕತ್ತರಿಯೇ ರಾಗ್ ಎಂಬ ಕಿಣ್ವ. ಅದು ಗೊತ್ತುಪಡಿಸಿದ ಗುರುತಿನಲ್ಲಿ ಮಾತ್ರ ಕಡಿಯಬೇಕು. ಆದರೆ ಅದನ್ನು ಹೋಲುವ ಗುರುತು ಬೇರೆಡೆ ಸಿಕ್ಕರೆ ಕೆಲವೊಮ್ಮೆ ಅಲ್ಲಿಯೂ ಕಡಿದುಬಿಡುತ್ತದೆ.

2004ರಲ್ಲಿ ಲಾಸ್ ಏಂಜಲೀಸ್‌ನ ಮೈಕಲ್ ಲೀಬರ್ ಅವರ ಪ್ರಯೋಗಾಲಯದಲ್ಲಿದ್ದ ಸತೀಶ್ ರಾಘವನ್ ಮತ್ತು ಸಂಗಡಿಗರು ಇನ್ನೊಂದು ಬಗೆಯ ತಪ್ಪನ್ನು ತೋರಿಸಿದರು. 18ನೆಯ ವರ್ಣತಂತುವಿನ ಬಿಸಿಎಲ್-2 ಜೀನ್‌ನ ಒಂದು ತಾಣದಲ್ಲಿ ಡಿಎನ್‌ಎ ತನ್ನ ಸಹಜ ಆಕಾರವನ್ನು ಬಿಡುತ್ತದೆ; ರಾಗ್ ಆ ಆಕಾರವನ್ನು ಕಂಡು ಕಡಿಯಬಲ್ಲದು. ಕಡಿದ ತುಂಡು 14ನೆಯ ವರ್ಣತಂತುವಿಗೆ ಅಂಟಿಕೊಂಡರೆ, ಸಾಯಬೇಕಾದ ಕೋಶ ಸಾಯದೆ ಉಳಿಯುತ್ತದೆ. ಫಾಲಿಕ್ಯುಲರ್ ಲಿಂಫೋಮಾದ ಆರಂಭದ ಹೆಜ್ಜೆ ಇದು. ರಾಘವನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಶೋಧವನ್ನು ಮುಂದುವರಿಸಿದರು.

ಮಕ್ಕಳ ಲ್ಯುಕೇಮಿಯಾದ ಮೂಲವನ್ನು ಹುಡುಕಿದವರಲ್ಲಿ ಲಂಡನ್ನಿನ ಮೆಲ್ ಗ್ರೀವ್ಸ್ ಪ್ರಮುಖರು. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದು, ಕಾರ್ಡಿನ ಮೇಲೆ ಒಣಗಿಸಿಟ್ಟ ರಕ್ತದ ಹನಿಗಳನ್ನು ಅವರ ತಂಡ ಪರೀಕ್ಷಿಸಿತು. ಮುಂದೆ ಕಾಯಿಲೆಗೆ ಬಿದ್ದ ಹಲವು ಮಕ್ಕಳಲ್ಲಿ ಎರಡು ಜೀನ್‌ಗಳ ತಪ್ಪು ಬೆಸುಗೆ ಗರ್ಭದಲ್ಲಿಯೇ ಆಗಿತ್ತು. ಸುಮಾರು ನೂರು ಶಿಶುಗಳಲ್ಲಿ ಒಂದು ಇಂಥ ಬೆಸುಗೆಯೊಂದಿಗೆ ಹುಟ್ಟುತ್ತದೆ. ಅಂಥ ನೂರರಲ್ಲಿ ಸುಮಾರು ಒಂದಕ್ಕೆ ಮಾತ್ರ ಕಾಯಿಲೆ ಬರುತ್ತದೆ. ಅದಕ್ಕೆ ಎರಡನೆಯ ಪೆಟ್ಟು ಬೇಕು. ಆ ಪೆಟ್ಟಿನ ಬಹುಪಾಲು ರಾಗ್ ಕತ್ತರಿಯದೇ ಎಂದು 2014ರಲ್ಲಿ ಗ್ರೀವ್ಸ್ ಅವರೂ ಪಾಲ್ಗೊಂಡಿದ್ದ ಅಧ್ಯಯನ ತೋರಿಸಿತು.

ಇದರಲ್ಲಿ ತಾಯಿಯ ಪಾಪವಿಲ್ಲ, ಮಗುವಿನ ಕರ್ಮವಿಲ್ಲ. ಎಲ್ಲರನ್ನೂ ಸೋಂಕಿನಿಂದ ಕಾಯುವ ವ್ಯವಸ್ಥೆ ಅಪರೂಪಕ್ಕೆ ತೆರುವ ಬೆಲೆ ಇದು.

ಕಾಯಿಲೆ ಯಾರಿಗೆ ಬರುವುದೆಂಬುದು ಬಹಳಮಟ್ಟಿಗೆ ಆಕಸ್ಮಿಕ. ಯಾರು ಬದುಕುವರೆಂಬುದು ಹಾಗಲ್ಲ. ಬ್ರಿಟನ್ನಿನಲ್ಲಿ ಈ ಕಾಯಿಲೆಯ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಬದುಕುತ್ತವೆ. ಚಿಕಿತ್ಸೆಯ ಬಿಲ್ಲು ಮನೆಗೆ ಬರುವುದಿಲ್ಲ. ಭಾರತದಲ್ಲಿ ವರ್ಷಗಟ್ಟಲೆ ನಡೆಯುವ ಈ ಚಿಕಿತ್ಸೆಯನ್ನು ಖರ್ಚು, ದೂರ, ಕಳೆದುಹೋಗುವ ದಿನಗೂಲಿಗಳ ಕಾರಣದಿಂದ ನಡುವೆಯೇ ಬಿಡುವ ಕುಟುಂಬಗಳಿವೆ. ತಪ್ಪು ಯಾರದು ಎಂದು ಕೇಳಲೇಬೇಕಾದ ಜಾಗ ಇದು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾಯಂದಿರಲ್ಲ, ಸರ್ಕಾರಗಳು.