ಕಟ್ಟಡವೂ ಕೂಟವೂ

(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ, ಹೆಚ್ಚುಕಡಿಮೆ ಅಷ್ಟೇ ವಯಸ್ಸಿನ ಬೇರೊಂದು ಕಟ್ಟಡದ ವೃತ್ತಾಂತವನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಅಮೆರಿಕದ ಷಿಕಾಗೊ ನಗರದಲ್ಲಿ ೧೯೧೨ರಲ್ಲಿ ‘ಮೆಡೈನಾ ಟೆಂಪಲ್’ ನಿರ್ಮಾಣವಾಯಿತು. ಹೆಸರು ಟೆಂಪಲ್ ಎಂದಿದ್ದರೂ ಅದು ಆರಾಧನಾಲಯವಲ್ಲ. ಶ್ರೈನರ್ಸ್ ಎಂಬ ಭ್ರಾತೃಸಂಘದ ಸಭಾಭವನ. ೧೮೭೨ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಸಂಘ ಫ್ರೀಮೇಸನರ ಬಳಗಕ್ಕೆ ಸೇರಿದ್ದು. ಮೇಸನರ ಕೂಟವನ್ನು ಕಥೋಲಿಕರು ಸೇರಬಾರದೆಂದು ಜಗದ್ಗುರು ಹನ್ನೆರಡನೆಯ ಕ್ಲೆಮೆಂಟರು ೧೭೩೮ರಲ್ಲಿ ವಿಧಿಸಿದರು. ಧರ್ಮಸಭೆ ೧೯೮೩ರಲ್ಲಿ ಅದನ್ನು ಪುನಃ ದೃಢಪಡಿಸಿತು. ಆದರೂ ಅನ್ಯರಲ್ಲಿರುವ ಒಳಿತನ್ನು ಕಾಣಲು ನಮಗೆ ಅಡ್ಡಿಯಿಲ್ಲ. ಅಂಗವಿಕಲ ಮಕ್ಕಳಿಗಾಗಿ ಶ್ರೈನರ್ಸ್ ಸಂಘದವರು ೧೯೨೨ರಲ್ಲಿ ಶ್ರೀವ್‌ಪೋರ್ಟಿನಲ್ಲಿ ತಮ್ಮ ಮೊದಲ ಆಸ್ಪತ್ರೆಯನ್ನು ತೆರೆದರು.

ಈರುಳ್ಳಿಯಾಕಾರದ ಗುಮ್ಮಟಗಳೂ ಬಣ್ಣದ ಗಾಜಿನ ಕಿಟಕಿಗಳೂ ಇದ್ದ ಆ ಭವನದಲ್ಲಿ ಸುಮಾರು ೪,೨೦೦ ಜನ ಕೂಡಬಹುದಿತ್ತು. ಅಲ್ಲಿ ಸರ್ಕಸ್ ನಡೆಯುತ್ತಿತ್ತು. ಷಿಕಾಗೊ ಸಿಂಫನಿ ವಾದ್ಯವೃಂದದ ಸಂಗೀತವೂ ಅಲ್ಲಿ ಧ್ವನಿಮುದ್ರಿತವಾಯಿತು. ಕಾಲಕ್ರಮದಲ್ಲಿ ಸದಸ್ಯರ ಸಂಖ್ಯೆ ಇಳಿಯಿತು. ಭವನವನ್ನು ಕೆಡಹುವ ಮಾತು ಎದ್ದಿತು. ನಾಗರಿಕರು ಬಲವಾಗಿ ಆಕ್ಷೇಪಿಸಿದರು. ೨೦೦೧ರಲ್ಲಿ ಅದು ಸಂರಕ್ಷಿತ ಸ್ಮಾರಕವೆನಿಸಿತು. ಹೊರಗೋಡೆಗಳು ಉಳಿದವು, ಒಳಗಿನ ಸಭಾಂಗಣ ಅಳಿಯಿತು. ೨೦೦೩ರಲ್ಲಿ ಅಲ್ಲಿ ಗೃಹೋಪಯೋಗಿ ವಸ್ತುಗಳ ದೊಡ್ಡ ಮಳಿಗೆ ತೆರೆಯಿತು. ೨೦೨೦ರಲ್ಲಿ ಅದೂ ಮುಚ್ಚಿತು. ೨೦೨೩ರ ಸೆಪ್ಟೆಂಬರಿನಲ್ಲಿ ಅದೇ ಛಾವಣಿಯ ಕೆಳಗೆ ತಾತ್ಕಾಲಿಕ ಜೂಜುಕಟ್ಟೆಯೊಂದು ಆರಂಭವಾಯಿತು!

ಗೋಡೆಗಳನ್ನು ಉಳಿಸಿದವರನ್ನು ನಾವು ದೂರುವುದಿಲ್ಲ. ಅವರು ತಮ್ಮಿಂದಾದುದನ್ನು ಮಾಡಿದರು. ಕಲ್ಲು ಇಟ್ಟಿಗೆಗಳನ್ನು ಕಾನೂನು ಕಾಯಬಲ್ಲದು. ಕೂಡಿಬರುವ ಮನಸ್ಸನ್ನು ಯಾವ ಕಾನೂನೂ ಕಾಯಲಾರದು. ಇನ್ನೊಂದು ಮಾತನ್ನೂ ಗಮನಿಸಿರಿ: ಭವನ ಕೈತಪ್ಪಿದರೂ ಆ ಸಂಘದ ಆಸ್ಪತ್ರೆಗಳ ಸೇವೆ ನಿಲ್ಲಲಿಲ್ಲ. ಕಟ್ಟಡಕ್ಕಿಂತ ಕರುಣೆಯ ಕಾರ್ಯವೇ ಹೆಚ್ಚು ಬಾಳಿತು.

ಪ್ರಿಯರೇ, ಛಾವಣಿಯ ದುರಸ್ತಿಗೂ ಸುಣ್ಣಬಣ್ಣಕ್ಕೂ ತಾವು ಧಾರಾಳವಾಗಿ ನೀಡಿದ್ದೀರಿ, ತಮಗೆ ಕೃತಜ್ಞರಾಗಿದ್ದೇವೆ. ಆದರೆ ನಮ್ಮ ಯುವಜನರು ಕೆಲಸವರಸಿ ಊರು ಬಿಡುತ್ತಿದ್ದಾರೆ. ಜ್ಞಾನೋಪದೇಶ ತರಗತಿಗೆ ಬರುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ನಾಳೆ ಈ ಪೀಠದ ಮುಂದೆ ಮೊಣಕಾಲೂರುವವರು ಯಾರು? ಸಂತ ಪೇತ್ರರು ನಮ್ಮನ್ನು ಜೀವಂತ ಶಿಲೆಗಳೆಂದು ಕರೆದರು. ಆ ಶಿಲೆಗಳು ಒಂದೊಂದಾಗಿ ಜಾರಿದರೆ, ಎಷ್ಟು ಗಟ್ಟಿಯಾದ ಗೋಡೆಯೂ ನಮ್ಮ ದೇವಾಲಯವನ್ನು ದೇವಾಲಯವಾಗಿ ಉಳಿಸದು.

ಆದುದರಿಂದ ಪ್ರತಿ ಮನೆಯಲ್ಲೂ ಸಂಜೆಯ ಪ್ರಾರ್ಥನೆ ನಡೆಯಲಿ; ಮಕ್ಕಳು ಜ್ಞಾನೋಪದೇಶಕ್ಕೆ ತಪ್ಪದೆ ಬರಲಿ; ನೆರೆಯ ಬಡವನ ಬಾಗಿಲಿಗೆ ನಮ್ಮಲ್ಲೊಬ್ಬರು ಹೋಗಲಿ. ಎರಡನೆಯ ಶತಮಾನಕ್ಕೆ ನಾವು ಇಡಬಹುದಾದ ಅಡಿಗಲ್ಲು ಇದೇ.

ಪ್ರಭು ನಮ್ಮೆಲ್ಲರನ್ನೂ ಆಶೀರ್ವದಿಸಲಿ.