ಬೆಳಕು ಹರಳನ್ನು ಮಾರ್ಪಡಿಸುವ ಬಗೆ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಕತ್ತಲೆಯಲ್ಲಿರುವ ಗಡಿಗೆಯನ್ನು ದೀಪವು ತೋರಿಸುವುದೇ ಹೊರತು ಅದರಲ್ಲಿ ಏನನ್ನೂ ಮಾರ್ಪಡಿಸುವುದಿಲ್ಲವೆಂದು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಈ ದೃಷ್ಟಾಂತವು ಎಲ್ಲ ಕಡೆಯಲ್ಲಿಯೂ ನಿಲ್ಲದೆಂಬುದಕ್ಕೆ ಫುಲ್ಲರೀನ್ ಎಂಬ ಹರಳಿನ ವೃತ್ತಾಂತವನ್ನು ಅರಿಕೆಮಾಡುವೆನು.

ಇದು ಇಂಗಾಲದ ಒಂದು ರೂಪ. 1985ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದಲ್ಲಿ ಕ್ರೋಟೋ, ಸ್ಮಾಲಿ, ಕರ್ಲ್ ಮುಂತಾದವರು ಗ್ರಾಫೈಟನ್ನು ಲೇಸರ್ ಕಿರಣದಿಂದ ಆವಿಮಾಡಿದಾಗ ಇದು ಗೋಚರಿಸಿತು. 1996ರಲ್ಲಿ ಆ ಮೂವರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಅರವತ್ತು ಪರಮಾಣುಗಳು 12 ಪಂಚಕೋನ, 20 ಷಟ್ಕೋನಗಳಾಗಿ ಹೆಣೆದುಕೊಂಡು ಒಂದು ಟೊಳ್ಳಾದ ಗೋಲವಾಗುವುವು. ಹರಳಿನಲ್ಲಿ ಈ ಗೋಲಗಳು ಒತ್ತಾಗಿ ಕುಳಿತಿದ್ದರೂ ಒಂದಕ್ಕೊಂದು ಬಿಗಿದುಕೊಂಡಿಲ್ಲ. ಸಾಮಾನ್ಯ ಉಷ್ಣತೆಯಲ್ಲಿ ಇದ್ದಲ್ಲಿಯೇ ಗಿರ್ರನೆ ತಿರುಗುತ್ತಿರುವುವು. ಟಾಲೂಯೀನ್ ಎಂಬ ದ್ರವದಲ್ಲಿ ಹಾಕಿದರೆ ಕರಗುವುವು.

ಈ ಹರಳಿನ ಮೇಲೆ ಲೇಸರಿನ ತೀಕ್ಷ್ಣವಾದ ಬೆಳಕು ಬಿದ್ದರೆ, ಎದುರುಬದುರಾದ ಎರಡು ಗೋಲಗಳಲ್ಲಿ ಪರಮಾಣುಗಳ ನಡುವಣ ಇಮ್ಮಡಿ ಬಂಧವೊಂದೊಂದು ಸಡಿಲಿ, ಇತ್ತಣ ಎರಡು, ಅತ್ತಣ ಎರಡು ಪರಮಾಣುಗಳು ಕೂಡಿ ಒಂದು ಚೌಕವಾಗುವುದು. ದಾರವಿಲ್ಲದೆ ಮಣಿಗೆ ಮಣಿ ಬೆಸೆದು ಸರವಾದಂತೆ! 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೀಗೆ ಬೆಳಕುಂಡ ತೆಳುಪದರವು ಟಾಲೂಯೀನಿನಲ್ಲಿ ಕರಗದೆ ನಿಂತಿತು. ಚೆನ್ನಾಗಿ ತಣಿಸಿ ಗೋಲಗಳ ತಿರುಗಾಟವನ್ನು ಕಟ್ಟಿದರೆ ಈ ಬೆಸುಗೆಯು ಬಹುಮಟ್ಟಿಗೆ ನಡೆಯದು.

ಸ್ವಾರಸ್ಯವಿರುವುದು ಪರೀಕ್ಷೆಯ ವಿಷಯದಲ್ಲಿ. 1933ರಿಂದ ಬೆಂಗಳೂರಿನಲ್ಲಿ ನೆಲಸಿದ ಸರ್ ಸಿ. ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಪರಿಣಾಮವನ್ನೇ ಇದಕ್ಕೂ ಆಶ್ರಯಿಸುವರು. ಲೇಸರ್ ಬೆಳಕನ್ನು ಹರಳಿನ ಮೇಲೆ ಬೀರಿ, ಚೆದರಿದ ಬೆಳಕಿನ ಗೆರೆಗಳನ್ನು ಅಳೆಯುವರು. ಬಿಡಿಗೋಲಗಳ ಹರಳಿನಲ್ಲಿ ಮುಖ್ಯವಾದ ಒಂದು ಗೆರೆಯು 1469ರ ಸ್ಥಾನದಲ್ಲಿರುವುದು. ಬೆಸೆದ ಹರಳಿನಲ್ಲಿ ಸುಮಾರು 1459ಕ್ಕೆ ಇಳಿಯುವುದು. ಮೊದಲಲ್ಲಿ ಕೆಲವರು ಆಮ್ಲಜನಕ ಸೋಂಕದ ಹರಳಿನಲ್ಲಿ 1459ನ್ನು ಕಂಡು, ಅದೇ ಶುದ್ಧ ಲಕ್ಷಣವೆಂದೂ ಆಮ್ಲಜನಕವೇ ಹರಳನ್ನು ಕೆಡಿಸುವುದೆಂದೂ ಭಾವಿಸಿದರು. ನಿಜಸ್ಥಿತಿಯು ಇದಕ್ಕೆ ವಿಪರೀತ. ಹರಳನ್ನು ಮಾರ್ಪಡಿಸುತ್ತಿದ್ದುದು ಪರೀಕ್ಷಕರ ಬೆಳಕು. ಆಮ್ಲಜನಕವು ಅದನ್ನು ತಡೆಯುತ್ತಿದ್ದಿತು. ಅಪವಾದವನ್ನು ಹೊತ್ತುದು ಕಾಪಾಡುತ್ತಿದ್ದ ವಸ್ತುವೇ ಎಂಬುದು ನನಗೆ ಈ ವೃತ್ತಾಂತದಲ್ಲೆಲ್ಲ ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ. ದೀಪವನ್ನು ಮಂದಮಾಡಿ ನೋಡಿದಲ್ಲದೆ ಮೂಲಸ್ವರೂಪವು ಕಾಣದು.

ಆದರೂ ಈ ವಿಕಾರವು ಶಾಶ್ವತವಲ್ಲ. ಸುಮಾರು 200 ಡಿಗ್ರಿ ಸೆಂಟಿಗ್ರೇಡಿನ ಕಾವು ಕೊಟ್ಟರೆ ಬೆಸುಗೆ ಬಿಚ್ಚಿ ಗೋಲಗಳು ಬಿಡಿಯಾಗುವುವು. ಪದರವು ಟಾಲೂಯೀನಿನಲ್ಲಿ ಪುನಃ ಕರಗುವುದು.