ಅಘನಾಶಿನಿಯ ಗಜನಿ

ಕಗ್ಗವೆಂದೊಡನೆ ಶ್ರೋತೃಗಳಲ್ಲಿ ಅನೇಕರಿಗೆ ಡಿ. ವಿ. ಜಿ. ಅವರು ೧೯೪೩ರಲ್ಲಿ ಪ್ರಕಟಿಸಿದ ಕಾವ್ಯವು ನೆನಪಿಗೆ ಬರುವುದು ಸಹಜ. ನಾನು ಈ ಹೊತ್ತು ಹೇಳಹೊರಟಿರುವ ಕಗ್ಗವು ಒಂದು ಭತ್ತ. ಅದು ಬೆಳೆಯುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ, ಕುಮಟೆಯ ಸಮೀಪದ ಅಘನಾಶಿನಿಯ ಅಳಿವೆಯಲ್ಲಿ. ಅದೂ ಉಪ್ಪುನೀರು ನುಗ್ಗುವ ನೆಲದಲ್ಲಿ.

ಅಘನಾಶಿನಿ ದೊಡ್ಡ ನದಿಯೇನೂ ಅಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು ೧೨೦ ಕಿಲೋಮೀಟರು ಹರಿದು ತದಡಿಯ ಬಳಿ ಕಡಲನ್ನು ಕೂಡುವುದು. ಅದರ ಹಾದಿಗೆ ದೊಡ್ಡ ಅಣೆಕಟ್ಟು ಅಡ್ಡ ಬಂದಿಲ್ಲ. ಆದಕಾರಣ ಘಟ್ಟದ ಮಳೆನೀರೂ ಮೆಕ್ಕಲೂ ತಡೆಯಿಲ್ಲದೆ ಕೆಳಗಿಳಿಯುತ್ತವೆ. ಕಡಲಿನ ಉಬ್ಬರವು ದಿನಕ್ಕೆ ಎರಡು ಬಾರಿ ಎದುರಾಗಿ ಮೇಲೇರುತ್ತದೆ. ಈ ಎರಡು ನೀರುಗಳ ನಡುವಿನ ತಗ್ಗುನೆಲಕ್ಕೇ ಗಜನಿಯೆಂದು ಹೆಸರು.

ಗಜನಿಯ ಸುತ್ತ ಕಟ್ಟೆಯುಂಟು. ಕಟ್ಟೆಯಲ್ಲಿ ಹಲಗೆಯ ಬಾಗಿಲುಂಟು. ಮುಂಗಾರು ಬಿದ್ದು ನೆಲದ ಉಪ್ಪು ತೊಳೆದುಹೋಗುವ ಕಾಲಕ್ಕೆ, ಇಳಿತದಲ್ಲಿ ಬಾಗಿಲು ತೆರೆದು ನೀರನ್ನು ಹೊರಗೆ ಬಿಡುವರು, ಉಬ್ಬರದಲ್ಲಿ ಮುಚ್ಚುವರು. ಮೊಳಕೆ ಕಟ್ಟಿದ ಬೀಜವನ್ನು ಕೆಸರಿನ ಮೇಲೆ ಎರಚುವರು. ಕಗ್ಗದ ಪೈರು ಎತ್ತರ. ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ಸಾಯದು, ಉಪ್ಪಿನ ಸೋಂಕಿಗೂ ಬೆದರದು. ಇಳುವರಿ ಅಲ್ಪವೇ ಸರಿ, ಆದರೆ ಗೊಬ್ಬರದ ಹಂಗಿಲ್ಲ. ಸುಗ್ಗಿಯಲ್ಲಿ ತೆನೆಯನ್ನು ಕೊಯ್ದು ಹುಲ್ಲನ್ನು ಅಲ್ಲಿಯೇ ಬಿಡುವರು. ಅನಂತರ ಬಾಗಿಲು ತೆರೆದು ಕಡಲನ್ನು ಒಳಗೆ ಕರೆಯುವರು. ಕೂಳೆ ಕೊಳೆತು ಸಿಗಡಿಗೂ ಮೀನಿಗೂ ಆಹಾರವಾಗುವುದು. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳೂ ಆ ಪಂಕ್ತಿಗೆ ಬಂದು ಕೂಡುವುವು. ಒಂದೇ ನೆಲದಲ್ಲಿ ಅನ್ನವೂ ಮೀನೂ ದೊರೆಯುವ ಇಂಥ ಬೇಸಾಯವನ್ನು ಕೇರಳದ ಪೊಕ್ಕಾಳಿಯಲ್ಲಿಯೂ ಕಾಣಬಹುದು.

ಹೊರಗಿನ ಹೊಳೆಯಲ್ಲಿ ನೀರಿಳಿದಾಗ ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚನ್ನು ಹೆಕ್ಕುತ್ತಾರೆ. ಮಾಂಸವು ಊಟಕ್ಕೆ, ಚಿಪ್ಪು ಸುಣ್ಣಕ್ಕೆ. ಸಮೀಪದ ಸಾಣಿಕಟ್ಟೆಯಲ್ಲಿ ಅದೇ ಕಡಲನೀರನ್ನು ಬಿಸಿಲಿಗೆ ಹರಡಿ ಉಪ್ಪು ತೆಗೆಯುವರು. ೧೯೩೦ರಲ್ಲಿ ಅಂಕೋಲೆಯ ಜನರು ಕಾನೂನು ಮುರಿದು ಉಪ್ಪು ಮಾಡಿದ್ದು ಈ ಕರಾವಳಿಯಲ್ಲಿಯೇ. ಅಳಿವೆಯ ದಡದ ಮಿರ್ಜಾನದ ಕೋಟೆಯನ್ನು ನೋಡಿದವರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನೂ, ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದು ಕರೆದುದನ್ನೂ ಬಲ್ಲರು. ಕಲ್ಲಿನ ಕೋಟೆಗೆ ಚರಿತ್ರೆಯ ಪುಸ್ತಕದಲ್ಲಿ ಸ್ಥಳ ದೊರೆಯಿತು. ಹಾಲಕ್ಕಿ ಒಕ್ಕಲಿಗರೂ ಇತರರೂ ಕೈಯಿಂದ ಮಣ್ಣೆತ್ತಿ ನಿಲ್ಲಿಸಿದ ಕಟ್ಟೆಗಳ ಮಾತನ್ನು ಎತ್ತುವವರು ವಿರಳ.

ಆ ಕಟ್ಟೆಯ ಗುಣವೇ ಬೇರೆ. ಒಂದೆಡೆ ಒಡೆದರೆ ಎಲ್ಲರ ಗದ್ದೆಯೂ ಹೋಯಿತು. ಆದುದರಿಂದ ರಿಪೇರಿಯೂ ಎಲ್ಲರದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರವು ಗಟ್ಟಿಯಾದ ಒಡ್ಡುಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ, ಆದರೆ ಕಟ್ಟೆಯ ಹೊಣೆಯೊಡನೆ ಊರಿನವರ ಒಗ್ಗಟ್ಟೂ ಸಡಿಲಿತು. ಬಳಿಕ ಸಿಗಡಿಯ ಬೆಲೆ ಏರಿತು. ಮಳೆಗಾಲದಲ್ಲಿಯೂ ಉಪ್ಪುನೀರು ಒಳಗಿದ್ದರೆ ಲಾಭವೆಂದು ಕಂಡವರಿಗೆ ಬಾಗಿಲು ಮುಚ್ಚುವ ಮನಸ್ಸಾಗಲಿಲ್ಲ. ಎಷ್ಟೋ ಗಜನಿಗಳು ಬರಿಯ ಸಿಗಡಿಯ ಹೊಂಡಗಳಾದವು. ೧೯೯೦ರ ದಶಕದಲ್ಲಿ ರೋಗ ತಗುಲಿ ಸಾಕಿದ ಸಿಗಡಿಯೂ ಸತ್ತಿತು. ಸಿಗಡಿಯನ್ನು ದೂರುವುದು ಸುಲಭ. ಆದರೆ ಅದು ಗಜನಿಗೆ ಹೊಸ ಅತಿಥಿಯಲ್ಲ. ಅತಿಥಿಗೆ ಹೊರಡುವ ಕಾಲವನ್ನು ತಿಳಿಸುವವರಿಲ್ಲದೆ ಹೋದದ್ದೇ ತೊಂದರೆ. ಬಡ ಗೇಣಿದಾರನೊಬ್ಬ ಭತ್ತ ಬೇಕೆಂದರೆ ಆ ಬಾಗಿಲು ಮುಚ್ಚುವುದೇ?

೨೦೨೪ರಲ್ಲಿ ಈ ಅಳಿವೆಯ ಸುಮಾರು ೪,೮೦೦ ಹೆಕ್ಟೇರುಗಳು ಅಂತರರಾಷ್ಟ್ರೀಯ ಮಹತ್ತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿ. ಆದರೆ ಕಗ್ಗವು ಈಗ ಮಾಣಿಕಟ್ಟೆಯಂಥ ಕೆಲವೇ ಊರುಗಳಲ್ಲಿ ಉಳಿದಿದೆ. ಭತ್ತದ ಬೀಜವನ್ನು ಕರಾವಳಿಯ ತೇವದ ಹವೆಯಲ್ಲಿ, ಮನೆಯ ಕಣಜದಲ್ಲಿ ಬಹುಕಾಲ ಇಡಲಾಗದು. ಕೆಲವು ಮಳೆಗಾಲ ಬಿತ್ತದೆ ಬಿಟ್ಟರೆ ಮೊಳೆಯುವ ಶಕ್ತಿಯೇ ಹೋಗುವುದು. ಆದುದರಿಂದ ಆ ಊರುಗಳ ರೈತರು ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಹಲಗೆಯನ್ನು ಇಳಿಸಿ, ಬಾಗಿಲು ಮುಚ್ಚಿ, ಬಿತ್ತನೆಗೆ ತೊಡಗುತ್ತಾರೆ.